ಕರುವಿನ ಬಕೆಟ್ಟಿಗೂ ಹಂಡೆಯ ಲೆಕ್ಕವಿರಲಿ

ಸಹೋದರಿಯರೇ, ಹಂಡೆಯಲ್ಲಿ ನೀರು ಕಾಯುತ್ತಿರುವಾಗ ಎರಡು ಬಿಂದಿಗೆ ತಣ್ಣೀರು ಸುರಿದರೆ ಏನು ಮಾಡುತ್ತೀರಿ? ನೀರು ಆರಿತೇ ಎಂದು ಕೈಯಿಟ್ಟು ನೋಡಿ ಆಮೇಲೆ ಸೌದೆ ಹುಡುಕುವುದಿಲ್ಲ. ಸುರಿಯುವಾಗಲೇ ಇನ್ನೊಂದು ಸೌದೆ ಒಲೆಗೆ ತಳ್ಳುತ್ತೀರಿ. ಎಂಜಿನಿಯರುಗಳು ಇದನ್ನೇ ಫೀಡ್‌ಫಾರ್ವರ್ಡ್ ಎನ್ನುತ್ತಾರೆ. ಕಾಯಿಸಿ ಕಲಸುವ ದೊಡ್ಡ ಟ್ಯಾಂಕುಗಳಲ್ಲಿ ಒಳಬರುವ ದ್ರವ ಎಷ್ಟು ತಣ್ಣಗಿದೆ, ಎಷ್ಟು ಬರುತ್ತಿದೆ ಎಂದು ಮೊದಲೇ ಅಳೆದು ಹಬೆ ಹೆಚ್ಚಿಸುವ ಕ್ರಮವಿದು. ಹೊರಬಂದದ್ದನ್ನು ಅಳೆದು ತಿದ್ದುವುದು ಫೀಡ್‌ಬ್ಯಾಕ್. ಅಷ್ಟರಲ್ಲಿ ತಣ್ಣಗಿನದು ಟ್ಯಾಂಕಿನೊಳಗೆ ಬೆರೆತಾಗಿರುತ್ತದೆ.

ಸ್ನಾನದ ನೀರಿಗಿರುವ ಈ ಎಚ್ಚರ ಕರುವಿನ ಹಾಲಿಗೆ ಯಾಕಿಲ್ಲ ಎಂಬುದೇ ನನ್ನ ತಕರಾರು. ಚಳಿಗಾಲದಲ್ಲಿ ಭೇದಿಯಾದ ಕರು ನೋಡಲು ಕರೆ ಬಂದಾಗ, ಹಾಲುಪುಡಿ ಕಲಸಿ ಕುಡಿಸುವ ಮನೆಗಳಲ್ಲಿ ನಾನು ಮೊದಲು ಕೇಳುವುದು ನೀರಿನ ಅಳತೆಯನ್ನೇ. "ಯಾವಾಗಲೂ ಹಾಕೋ ಹಾಗೇ ಸಾರ್, ಒಂದು ಕುದಿಯೋ ನೀರು, ಮೂರು ತಣ್ಣೀರು" ಎಂಬ ಉತ್ತರ ಬರುತ್ತದೆ. ಎಡವಟ್ಟು ಆ "ಯಾವಾಗಲೂ" ಎಂಬಲ್ಲೇ ಇದೆ.

ತಣ್ಣೀರು 25 ಡಿಗ್ರಿ ಇರುವಾಗ ಈ ಅಳತೆಯಿಂದ ಸಿಗುವುದು ಸುಮಾರು 44 ಡಿಗ್ರಿಯ ನೀರು. ಪುಡಿ, ಬಕೆಟ್ ಎರಡೂ ಸ್ವಲ್ಪ ಬಿಸಿ ಎಳೆದುಕೊಂಡು, ಕರುವಿನ ಬಾಯಿಗೆ ಹೋಗುವಾಗ ಅದರ ಮೈಬಿಸಿಗೆ, ಅಂದರೆ 39ರ ಆಸುಪಾಸಿಗೆ, ಬರುತ್ತದೆ. ಚಳಿಗಾಲದ ಬೆಳಗಿನ ಜಾವ ತೊಟ್ಟಿಯ ನೀರು 15ಕ್ಕೆ ಇಳಿದಿದ್ದರೆ ಅದೇ ಅಳತೆ 36 ಡಿಗ್ರಿಯನ್ನಷ್ಟೇ ಕೊಡುತ್ತದೆ. ಪುಡಿಯ ಕೊಬ್ಬು ಸರಿಯಾಗಿ ಕರಗದೆ ಗಂಟುಕಟ್ಟುತ್ತದೆ. ತಣ್ಣಗಾಯಿತೆಂದು ಮೇಲಿಂದ ಚೊಂಬು ಬಿಸಿನೀರು ಸುರಿದಿರೋ, ಹಾಲು ತೆಳುವಾಯಿತು. ಒಂದು ದಿನ ಗಟ್ಟಿ ಒಂದು ದಿನ ನೀರು, ಒಂದು ಹೊತ್ತು ಬಿಸಿ ಒಂದು ಹೊತ್ತು ತಣ್ಣಗೆ ಆದರೆ ಎಳೆಗರುವಿನ ಹೊಟ್ಟೆ ತಾಳುವುದಿಲ್ಲ. ಭೇದಿಗೆ ರೋಗಾಣು, ಕೊಳಕು ಬಕೆಟ್, ಗಿಣ್ಣುಹಾಲು ಸಾಲದಿರುವುದು ಹೀಗೆ ಬೇರೆ ಕಾರಣಗಳೂ ಇವೆ, ನಿಜ. ಆದರೆ ಇದೊಂದು ಪೂರ್ತಿ ನಿಮ್ಮ ಕೈಯಲ್ಲಿದೆ.

ಆದ್ದರಿಂದ ಕಲಸುವ ಮೊದಲು ತಣ್ಣೀರನ್ನು ಅಳೆಯಿರಿ. 15 ಡಿಗ್ರಿ ಇದ್ದರೆ ಕುದಿನೀರು 1.4 ಲೀಟರ್, ತಣ್ಣೀರು 2.6 ಲೀಟರ್ ಹಾಕಿ. ಒಟ್ಟು ನಾಲ್ಕೇ ಲೀಟರ್. ಪುಡಿ ಎಷ್ಟೆಂಬುದು ಚೀಲದ ಮೇಲಿರುತ್ತದೆ.

ಇಷ್ಟಾದರೂ ಕುಡಿಸುವ ಮುನ್ನ ಒಮ್ಮೆ ಅಳೆಯಲೇಬೇಕು. ಬಕೆಟ್ ರಾತ್ರಿಯೆಲ್ಲ ಹೊರಗಿತ್ತೇ, ನೀರು ನಿಜಕ್ಕೂ ಕುದಿದಿತ್ತೇ ಎಂಬುದು ಮೊದಲಿನ ಲೆಕ್ಕಕ್ಕೆ ಸಿಗುವುದಿಲ್ಲ. ಕೈಯನ್ನು ನಂಬಬೇಡಿ. ತಣ್ಣೀರಲ್ಲಿ ಕೆಚ್ಚಲು ತೊಳೆದು ಬಂದ ಕೈಗೆ ಉಗುರುಬೆಚ್ಚಗಿನದೂ ಸುಡುತ್ತದೆ.

ತಪ್ಪು ನಮ್ಮದೂ ಇದೆ. ಭೇದಿಯಾದ ಮೇಲೆ ಕೊಡುವ ಔಷಧಿ ಹೇಳಿಕೊಟ್ಟಷ್ಟು ಇದನ್ನು ನಾವು ಹೇಳಿಕೊಟ್ಟಿಲ್ಲ. ಹಾಲು ಅಳೆಯಲು ಯಂತ್ರ ಇಟ್ಟಿರುವ ಸಂಘಗಳು ಕರು ಸಾಕುವ ಮನೆಗೊಂದು ಥರ್ಮಾಮೀಟರ್ ಕೊಡಿಸಿದರೆ ದೊಡ್ಡ ಖರ್ಚೇನಲ್ಲ. ನಿಮ್ಮೂರಿನ ಮುಂದಿನ ಸಭೆಗೆ ನಾನೊಂದು ತರುತ್ತೇನೆ. ನೀವು ದಿನಾ ಬಳಸುವ ಬಕೆಟ್, ಚೊಂಬು ತನ್ನಿ, ಅಲ್ಲೇ ಕಲಸಿ ನೋಡೋಣ.