ಎಮ್ಮೆಗೊಂದು ನ್ಯಾಯ, ಹೆಣ್ಣಿಗೊಂದು ನ್ಯಾಯ

ನಮ್ಮ ಗಡಹಿಂಗ್ಲಜ ಕಡೆಯ ಯಾವ ಹಳ್ಳಿಮನೆಗೆ ಬೇಕಾದರೂ ಹೋಗಿ. ರಾತ್ರಿಯೆಲ್ಲ ಎಮ್ಮೆ ಒದರಿತೆಂದರೆ ಬೆಳಿಗ್ಗೆ ಚಹಾ ಕುಡಿಯುವಾಗಲೇ ಮಾವ, ಸೊಸೆ, ಮೊಮ್ಮಕ್ಕಳು ಎಲ್ಲರ ಮುಂದೆ ಮಾತು: "ಎಮ್ಮಿ ಬೆದಿಗೆ ಬಂದೈತಿ, ಡಾಕ್ಟರಿಗೆ ಫೋನ್ ಹಚ್ಚು." ಯಾರಿಗೂ ನಾಚಿಕೆ ಇಲ್ಲ, ಇರಲೂಬಾರದು. ಇಪ್ಪತ್ತೊಂದು ದಿನದ ಲೆಕ್ಕ ಐದನೇ ಇಯತ್ತೆಯ ಹುಡುಗನಿಗೂ ಗೊತ್ತು. ಬೇಸಿಗೆಯಲ್ಲಿ ಎಮ್ಮೆ ಒದರದೆಯೇ ಬೆದೆಗೆ ಬರುತ್ತದೆ, ಕಣ್ಣಿಟ್ಟು ನೋಡಬೇಕು ಎಂಬುದು ಅಜ್ಜಿಗೂ ಗೊತ್ತು.

ಅದೇ ಮನೆಯ ಸೊಸೆಗೆ ತಿಂಗಳಿಗೆ ಎರಡು ಸಲ ಮುಟ್ಟಾದರೆ? ಮಾತೇ ಇಲ್ಲ. ವರ್ಷಗಟ್ಟಲೆ ಹಲ್ಲು ಕಚ್ಚಿ ಸಹಿಸುತ್ತಾಳೆ. ಕೊನೆಗೊಂದು ದಿನ ಯಾರೋ "ಪಿಶ್ವಿ ತೆಗೆಸಿಬಿಡು, ಕಾಟ ತಪ್ಪತೈತಿ" ಅನ್ನುತ್ತಾರೆ. ಅಷ್ಟೇ, ತೆಗೆಸಿಬಿಡುತ್ತಾರೆ!

ಎಮ್ಮೆ ಬೆದೆಗೆ ಬರದಿದ್ದರೆ ಪಶುವೈದ್ಯರು ಏನು ಮಾಡುತ್ತಾರೆ ನೋಡಿ. ಕೈ ಹಾಕಿ ಅಂಡಾಶಯ ಪರೀಕ್ಷಿಸುತ್ತಾರೆ. ಹಿಂದಿನ ಸಲದ ಕಾರ್ಪಸ್ ಲೂಟಿಯಂ ಕರಗದೆ ಉಳಿದು ಪ್ರೊಜೆಸ್ಟರಾನ್ ಬಿಡುತ್ತಿದ್ದರೆ ಪ್ರೊಸ್ಟಾಗ್ಲಾಂಡಿನ್ ಇಂಜೆಕ್ಷನ್ ಕೊಡುತ್ತಾರೆ. ಮೇವು ಸಾಲದಿದ್ದರೆ ಖನಿಜದ ಪುಡಿ ಬರೆದುಕೊಡುತ್ತಾರೆ. "ಗರ್ಭಕೋಶ ಕಿತ್ತುಬಿಡೋಣ" ಎಂದರೆ ಮಾಲೀಕ ಬಡಿಗೆ ತಗೊಂಡು ಬಂದಾನು! ಎಮ್ಮೆ ಈದರೆ ಹಾಲು, ಹಾಲಿದ್ದರೆ ಡೇರಿಯ ಬಿಲ್ಲು. ಹೆಣ್ಣಿಗೆ ಎರಡು ಮಕ್ಕಳಾದವೆಂದರೆ ಗರ್ಭಕೋಶದ ಕೆಲಸ ಮುಗಿಯಿತು ಎಂಬುದು ನಮ್ಮ ಲೆಕ್ಕ.

ಈ ಲೆಕ್ಕವೇ ತಪ್ಪು. ಎಮ್ಮೆಯಲ್ಲೂ ಹೆಣ್ಣಿನಲ್ಲೂ ಮೂಲ ಯಂತ್ರ ಒಂದೇ. ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿ ಎಫ್.ಎಸ್.ಎಚ್. ಮತ್ತು ಎಲ್.ಎಚ್. ಬಿಡುತ್ತದೆ. ಅಂಡಾಶಯದಲ್ಲಿ ಪುಟಿಕೆ ಬೆಳೆದು ಈಸ್ಟ್ರೋಜೆನ್ ಹೆಚ್ಚುತ್ತದೆ, ಎಲ್.ಎಚ್. ಒಮ್ಮೆಲೇ ಏರಿದಾಗ ಅಂಡ ಹೊರಬೀಳುತ್ತದೆ. ಆಮೇಲೆ ಪ್ರೊಜೆಸ್ಟರಾನ್ ಸರದಿ. ಗರ್ಭ ನಿಲ್ಲದಿದ್ದರೆ ಅದು ಇಳಿಯುತ್ತದೆ, ಆಗ ಹೆಣ್ಣಿಗೆ ಮುಟ್ಟಾಗುತ್ತದೆ. ಆದರೆ ಈಸ್ಟ್ರೋಜೆನ್ ಕೆಲಸ ಬರೀ ಮಕ್ಕಳಾಗಿಸುವುದಲ್ಲ. ಎಲುಬಿನ ಗಟ್ಟಿತನ ಕಾಯುವುದೂ ಅದೇ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತರ ಹೆಣ್ಣಿಗೆ ಒಂದೇ ದಿನದಲ್ಲಿ ಐವತ್ತರ ಮುಟ್ಟುನಿಲ್ಲುವಿಕೆ. ಮೈ ಉರಿ, ನಿದ್ದೆಯಿಲ್ಲ, ಎಲುಬು ಸವೆತ, ಹೃದ್ರೋಗದ ಅಪಾಯ. ಅಂಡಾಶಯ ಉಳಿಸಿದರೂ ಮುಟ್ಟುನಿಲ್ಲುವ ಸ್ಥಿತಿ ಬೇಗ ಬರುವ ಸಂಭವ ಇದೆ.

ಇದು ಎಲ್ಲೋ ದೂರದ ಕಥೆಯಲ್ಲ. ದೀಪಾವಳಿ ಆಗುತ್ತಿದ್ದಂತೆ ಬೀಡ್ ಜಿಲ್ಲೆಯಿಂದ ನಮ್ಮ ಕೊಲ್ಲಾಪುರ ಸೀಮೆಗೆ ಕಬ್ಬು ಕಡಿಯಲು ಬರುವವರನ್ನು ನೀವೂ ನೋಡಿದ್ದೀರಿ. ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ'. ಮುಕಾದಮನಿಂದ ಮುಂಗಡ ತಂದಿರುತ್ತಾರೆ, ಒಂದು ದಿನ ತಪ್ಪಿದರೆ ದಂಡ. ಗದ್ದೆಯಲ್ಲಿ ನೀರಿಲ್ಲ, ಶೌಚಾಲಯವಿಲ್ಲ. ಮುಟ್ಟು ಅಂದರೆ ಅವರಿಗೆ ಕೂಲಿ ನಷ್ಟ. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೀಲಂ ಗೋರೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಬೀಡ್ ಜಿಲ್ಲೆಯ 82,309 ಕಬ್ಬು ಕಡಿಯುವ ಹೆಣ್ಣುಮಕ್ಕಳನ್ನು ಕೇಳಿದರೆ 13,861 ಮಂದಿಗೆ ಗರ್ಭಕೋಶವೇ ಇಲ್ಲ! ನೂರಕ್ಕೆ ಹದಿನೇಳು. ದೇಶದ ಲೆಕ್ಕದಲ್ಲಿ 15ರಿಂದ 49 ವಯಸ್ಸಿನವರಲ್ಲಿ ಇದು ನೂರಕ್ಕೆ ಸುಮಾರು ಮೂರು. ನಾವು ಚಹಾಕ್ಕೆ ಹಾಕಿಕೊಳ್ಳುವ ಸಕ್ಕರೆಯಲ್ಲಿ ಈ ಲೆಕ್ಕವೂ ಕರಗಿದೆ. ಆ ಕಡೆಯವರೂ ಬೀಗಬೇಕಿಲ್ಲ. 2015ರಲ್ಲಿ ಕಲಬುರಗಿ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಗೋಳು ಇದೇ ಆಗಿತ್ತು.

ಇದರಲ್ಲಿ ನಮ್ಮ, ಅಂದರೆ ಮಾಸ್ತರರ, ಪಾಲೇನು? ಬಹಳ ಇದೆ. ಬಾಲಭಾರತಿಯ ಹತ್ತನೇ ಇಯತ್ತೆಯ ವಿಜ್ಞಾನದಲ್ಲಿ ಈ ಪಾಠ ಕನ್ನಡದಲ್ಲೇ ಅಚ್ಚಾಗಿದೆ. ಆದರೆ "ಮನೆಯಲ್ಲಿ ಓದಿಕೊಳ್ಳಿ" ಎಂದು ಹಾಳೆ ತಿರುವುವವರು ನಮ್ಮಲ್ಲಿ ಎಷ್ಟು ಜನ? ಸುಳ್ಳು ಯಾಕೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಹುಡುಗಿಯರು ಮುಟ್ಟಿನ ಪ್ರಶ್ನೆ ಕೇಳಿದಾಗ ನಾನೂ "ಅಮ್ಮನ್ನ ಕೇಳ್ರಿ" ಎಂದು ಜಾರಿಕೊಂಡವನೇ. ಅಮ್ಮನಿಗೆ ಯಾರು ಹೇಳಿಕೊಟ್ಟಿದ್ದರು? ಬೆಳಗಾವಿ ವಿಷಯಕ್ಕೆ ಹಗಲೂ ರಾತ್ರಿ ಕಚ್ಚಾಡುವ ಎರಡು ಸರ್ಕಾರಗಳೂ 2007ರ ಹೊತ್ತಿಗೆ ಹದಿಹರೆಯದ ಶಿಕ್ಷಣ ಬೇಡವೆನ್ನುವುದರಲ್ಲಿ ಮಾತ್ರ ಒಂದಾಗಿದ್ದವು!

"ಸಂಸ್ಕೃತಿ ಕೆಡುತ್ತದೆ" ಎನ್ನುವವರಿಗೆ ನನ್ನದೊಂದೇ ಪ್ರಶ್ನೆ. ಎಮ್ಮೆಯ ಬೆದೆಯ ಮಾತಿನಿಂದ ಕೆಡದ ಸಂಸ್ಕೃತಿ, ಮಗಳ ಆರೋಗ್ಯದ ಮಾತಿನಿಂದ ಹೇಗೆ ಕೆಡುತ್ತದೆ?

ಶಸ್ತ್ರಚಿಕಿತ್ಸೆಯೇ ಬೇಡ ಎನ್ನುತ್ತಿಲ್ಲ. ಕ್ಯಾನ್ಸರ್ ಇದ್ದರೆ, ಯಾವ ಔಷಧಿಗೂ ಬಗ್ಗದ ರಕ್ತಸ್ರಾವವಿದ್ದರೆ ಅದು ಜೀವ ಉಳಿಸುತ್ತದೆ. ಆದರೆ ಬಿಳುಪು ಹೋಗುತ್ತದೆ, ಹೊಟ್ಟೆ ನೋಯುತ್ತದೆ ಎಂಬಷ್ಟಕ್ಕೇ "ಮುಂದೆ ಕ್ಯಾನ್ಸರ್ ಆಗತೈತಿ" ಎಂದು ಹೆದರಿಸಿದರೆ ಒಪ್ಪಬೇಡಿ. ಅದು ಸೋಂಕಾಗಿರಬಹುದು, ಹಾರ್ಮೋನಿನ ಏರುಪೇರಾಗಿರಬಹುದು, ಔಷಧಿಯಿಂದಲೇ ಗುಣವಾಗಬಹುದು. ಇಚಲಕರಂಜಿಯ ಐ.ಜಿ.ಎಂ., ಕೊಲ್ಲಾಪುರದ ಸಿ.ಪಿ.ಆರ್. ಸರ್ಕಾರಿ ಆಸ್ಪತ್ರೆಗಳಿವೆ, ಇನ್ನೊಬ್ಬ ವೈದ್ಯರನ್ನು ಕೇಳಿ. ಎರಡೇ ಪ್ರಶ್ನೆ ಸಾಕು: "ಔಷಧಿಯಿಂದ ಆಗೋದಿಲ್ಲೇನ್ರಿ? ಅಂಡಾಶಯ ಉಳಿಸ್ತೀರೇನ್ರಿ?"

ಈ ಎರಡು ಪ್ರಶ್ನೆ ಕೇಳಲು ಬರುವ ಹುಡುಗಿಯರನ್ನು ಹತ್ತನೇ ಇಯತ್ತೆಯಿಂದ ಹೊರಗೆ ಕಳಿಸೋಣ. ಮಾಸ್ತರರೇ, ಬಾಯಿಯವರೇ, ಈ ವರ್ಷ ಆ ಪಾಠದ ಹಾಳೆ ತಿರುವಬೇಡಿ. ಏನಂತೀರಿ?