ಬೆರಳಿಗೆ ರಕ್ತ ಹರಿಯಲಿ

ಚಳಿಗಾಲದ ಬೆಳಗ್ಗೆ ತಣ್ಣೀರಿನಲ್ಲಿ ಕೈ ಅದ್ದಿದಾಗ ಬೆರಳು ಬಿಳಿಚಿಕೊಳ್ಳುವುದನ್ನು ನೀವು ನೋಡಿರಬಹುದು. ಮೈಯ ಶಾಖ ಸೋರಿಹೋಗದಿರಲೆಂದು ಚರ್ಮದ ಸಣ್ಣ ರಕ್ತನಾಳಗಳು ಕುಗ್ಗುತ್ತವೆ. ಕೆಲವರಲ್ಲಿ ಈ ಕುಗ್ಗುವಿಕೆ ವಿಪರೀತ. ಬೆರಳು ಸುಣ್ಣದಂತೆ ಬಿಳಿಯಾಗಿ, ನಂತರ ನೀಲಿಯಾಗಿ, ರಕ್ತ ಮರಳಿದಾಗ ಕೆಂಪಾಗುತ್ತದೆ. 1862ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಮಾರಿಸ್ ರೇನೋ ಅವರ ಹೆಸರೇ ಇದಕ್ಕಿದೆ.

ಹೆಚ್ಚಿನವರಿಗೆ ಇದರಿಂದ ಅಪಾಯವಿಲ್ಲ. ಆದರೆ ಸ್ಕ್ಲೀರೋಡರ್ಮ ಎಂಬ ಕಾಯಿಲೆಯೂ ಇದ್ದರೆ ಮಾತು ಬೇರೆ. ಚರ್ಮ ದಪ್ಪಗಾಗಿ ಬಿಗಿದುಕೊಳ್ಳುತ್ತದೆ. ಬೆರಳುಗಳು ಬಾಗಿ ಸೊಟ್ಟಗಾಗುತ್ತವೆ. ರಕ್ತನಾಳದ ಗೋಡೆಯೂ ದಪ್ಪಗಾಗಿ ಒಳದಾರಿ ಕಿರಿದಾಗುತ್ತದೆ. ಪಿಯುಸಿ ವಿದ್ಯಾರ್ಥಿಗಳಿಗೆ ಪ್ವಾಸೆಯ ನಿಯಮ ನೆನಪಿರಬಹುದು: ಒತ್ತಡ ಅಷ್ಟೇ ಇದ್ದು ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಲ್ಲ, ಹದಿನಾರರಲ್ಲಿ ಒಂದು ಪಾಲು! ರಕ್ತ ಸಾಲದೆ ಬೆರಳ ತುದಿಯಲ್ಲಿ ಹುಣ್ಣಾಗುತ್ತದೆ. ಹುಣ್ಣು ಕೊಳೆತರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಹಾಗಾದರೆ ನಾಳವನ್ನು ಹಿಗ್ಗಿಸಬಹುದೇ? 1988ರಲ್ಲಿ ಜಪಾನಿನ ಮಸಾಶಿ ಯಾನಗಿಸಾವಾ ಮತ್ತು ಸಂಗಡಿಗರು ರಕ್ತನಾಳದ ಒಳಪದರವೇ ಸ್ರವಿಸುವ ಎಂಡೋಥೀಲಿನ್ ಎಂಬ ವಸ್ತುವನ್ನು ಪತ್ತೆಹಚ್ಚಿದರು. ನಾಳವನ್ನು ಬಲವಾಗಿ ಕುಗ್ಗಿಸುವ ವಸ್ತುವಿದು. ಬೋಸೆಂಟಾನ್ ಎಂಬ ಔಷಧ ಇದಕ್ಕೆ ತಡೆಯೊಡ್ಡುತ್ತದೆ. ಬೀಗದ ಕಿಂಡಿಯಲ್ಲಿ ಬೇರೊಂದು ಕೀಲಿ ತುರುಕಿಟ್ಟಂತೆ.

2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 122 ರೋಗಿಗಳಿದ್ದರು. ಕೆಲವರಿಗೆ ಬೋಸೆಂಟಾನ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. 16 ವಾರಗಳಲ್ಲಿ ಮೂಡಿದ ಹೊಸ ಹುಣ್ಣುಗಳ ಸರಾಸರಿ ಹುಸಿ ಮಾತ್ರೆಯವರಲ್ಲಿ 2.7, ಔಷಧ ಪಡೆದವರಲ್ಲಿ 1.4. 2011ರಲ್ಲಿ ಪ್ರಕಟವಾದ, 188 ರೋಗಿಗಳ ಇನ್ನೊಂದು ಪ್ರಯೋಗದಲ್ಲೂ ಹೊಸ ಹುಣ್ಣುಗಳು ಕಡಿಮೆಯಾದವು. ಆದರೆ ಆಗಲೇ ಇದ್ದ ಹುಣ್ಣುಗಳು ಬೇಗ ಮಾಯಲಿಲ್ಲ.

"ಸೊಟ್ಟಗಾದ ಬೆರಳು ನೆಟ್ಟಗಾಗುತ್ತದೆಯೇ ಸಾರ್?" ಎಂದು ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು. ಅಂಥ ಫಲವನ್ನು ಈ ಪ್ರಯೋಗಗಳು ತೋರಿಸಿಲ್ಲ. ಮುಂದಿನ ಹಾನಿಯನ್ನು ತಗ್ಗಿಸುವುದು ಒಂದು, ಆಗಿಹೋದ ಹಾನಿಯನ್ನು ಸರಿಪಡಿಸುವುದು ಇನ್ನೊಂದು. ಹೊಸ ಔಷಧದ ಸುದ್ದಿ ಓದುವಾಗ ಈ ಎರಡರಲ್ಲಿ ಯಾವುದು ಎಂದು ಮೊದಲು ಕೇಳಿಕೊಳ್ಳಿ. ಅಲ್ಲದೆ, ಈ ಮಾತ್ರೆಯಿಂದ ಯಕೃತ್ತಿಗೆ ತೊಂದರೆಯಾಗಬಹುದು. ಗರ್ಭಿಣಿಯರು ಸೇವಿಸುವಂತೆಯೇ ಇಲ್ಲ. ಅಂಗಡಿಯಲ್ಲಿ ಕೇಳಿ ತಂದು ನುಂಗುವ ಔಷಧ ಇದಲ್ಲ.

ಪೋಷಕರೇ, ಮಗುವಿನ ಬೆರಳು ಚಳಿಗೆ ಮತ್ತೆ ಮತ್ತೆ ಬಣ್ಣ ಬದಲಾಯಿಸಿದರೆ ಕೈ ಬೆಚ್ಚಗಿಡಿ, ವೈದ್ಯರಿಗೆ ತೋರಿಸಿ. ಹುಣ್ಣಾಗುವವರೆಗೆ ಕಾಯಬೇಡಿ.