ತುರುಕ ಎಂಬ ಮಾತು, ತುರ್ಕಿ ಎಂಬ ನಾಡು

ಹತ್ತನೆಯ ತರಗತಿಯ ಸಮಾಜ ಪಾಠದಲ್ಲಿ ಖಿಲಾಫತ್ ಚಳವಳಿಯ ಪ್ರಸ್ತಾಪ ಬಂದಾಗ ನಮ್ಮ ಉಪಾಧ್ಯಾಯರಲ್ಲಿ ಬಹುಮಂದಿ ಎರಡು ವಾಕ್ಯಗಳಲ್ಲಿ ಅದನ್ನು ದಾಟಿಸಿಬಿಡುವುದುಂಟು. ಖಲೀಫನೆಂದರೆ ಯಾರು, ಅವನು ಯಾವ ಊರಿನಲ್ಲಿದ್ದನು, ಅವನ ಪದವಿ ಉಳಿಯಲೆಂದು ಗಾಂಧೀಜಿಯವರು ಏಕೆ ದನಿಗೂಡಿಸಿದರು ಎಂದು ಮಗುವೊಂದು ಎದ್ದು ಕೇಳಿದರೆ ‘ಮುಂದಿನ ಪ್ರಶ್ನೆ ಬರೆದುಕೋ’ ಎಂಬುದೇ ಉತ್ತರವಾಗುತ್ತದೆ. ಸ್ಕೂಲ್ ಕಾಂಪ್ಲೆಕ್ಸ್ ಸಭೆಗಳಲ್ಲಿ ಹಾಜರಿ ಪುಸ್ತಕ, ಮಧ್ಯಾಹ್ನದ ಊಟದ ಲೆಕ್ಕ, ಮೇಲಿನವರಿಗೆ ಕಳುಹಿಸಬೇಕಾದ ವಿವರಗಳು ಇವುಗಳಲ್ಲಿಯೇ ಹೊತ್ತು ಕಳೆಯುವುದರಿಂದ ಇಂಥ ವಿಷಯಗಳಿಗೆ ಎಡೆ ಸಿಕ್ಕುವುದು ಅಪರೂಪ. ಆದುದರಿಂದ ಈ ತಿಂಗಳು ತುರ್ಕಿ ದೇಶವನ್ನು ಕುರಿತು ಉಪಾಧ್ಯಾಯ ಬಂಧುಗಳೊಡನೆ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವ ತಾಯಿತಂದೆಗಳೂ ಓದಬಹುದು.

ಮೊದಲು ಮಾತಿನಿಂದಲೇ ಆರಂಭಿಸೋಣ. ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಕನ್ನಡದವರು ‘ತುರುಕ’ ಎನ್ನುತ್ತಾರೆ, ತೆಲುಗಿನವರು ‘ತುರಕ’ ಎನ್ನುತ್ತಾರೆ. ಹಳೆಯ ಶಾಸನಗಳಲ್ಲಿ ಇದೇ ಶಬ್ದ ‘ತುರುಷ್ಕ’ ಎಂದಿದೆ. ಅದು ಮೊದಲಿಗೆ ಒಂದು ಜನಾಂಗದ ಹೆಸರು. ಮಧ್ಯ ಏಷ್ಯದಿಂದ ಕುದುರೆಯೇರಿ ಬಂದವರ ಹೆಸರು. ಕಾಲಕ್ರಮದಲ್ಲಿ ಒಂದು ಮತದವರೆಲ್ಲರಿಗೂ ಅದು ಅಂಟಿಕೊಂಡಿತು. ಜಗಳದ ಹೊತ್ತಿನಲ್ಲಿ ಬೈಗುಳವೂ ಆಯಿತು. ನಮ್ಮ ತರಗತಿಯ ಬೆಂಚಿನ ಮೇಲೆ ಪಿಂಜಾರರ ಹುಡುಗನೊಬ್ಬ ಕುಳಿತಿರುತ್ತಾನೆ. ಅವನ ಮನೆಮಾತು ಕನ್ನಡ ಇಲ್ಲವೆ ತೆಲುಗು. ಅವನ ಅಜ್ಜ ಊರಿನ ಎಲ್ಲ ಜಾತಿಯವರ ಹಾಸಿಗೆಗಳಿಗೂ ಹತ್ತಿ ಹಿಂಜಿಕೊಟ್ಟವನು. ತುರ್ಕಿಯ ಪಾಠವನ್ನು ಉಪಾಧ್ಯಾಯನು ಯಾವ ಧ್ವನಿಯಲ್ಲಿ ಹೇಳುತ್ತಾನೆಂಬುದನ್ನು ಉಳಿದ ಮಕ್ಕಳಿಗಿಂತ ಅವನೇ ಹೆಚ್ಚು ಕಿವಿಗೊಟ್ಟು ಕೇಳುತ್ತಾನೆ. ಹಿಂದಿನ ಬೆಂಚಿನಿಂದ ಸಣ್ಣ ನಗೆಯೊಂದು ಕೇಳಿಬಂದರೆ ಸಾಕು, ಅವನ ತಲೆ ತಗ್ಗುತ್ತದೆ. ಈ ಪಾಠಕ್ಕೆ ಸಿದ್ಧತೆ ಬೇಕೆನ್ನುವುದು ಪರೀಕ್ಷೆಯ ಅಂಕಗಳಿಗಾಗಿ ಮಾತ್ರವಲ್ಲ.

ಆ ಹುಡುಗನಿಗೂ ಅವನ ಪಕ್ಕದವನಿಗೂ ಸಮಾನವಾಗಿ ಹೇಳಬಹುದಾದ ಕಥೆಯೊಂದು ನಮ್ಮ ಸೀಮೆಯಲ್ಲಿಯೇ ಇದೆ. ಪೆನುಕೊಂಡೆಯ ಬಾಬಯ್ಯನ ದರ್ಗಾವನ್ನು ಅರಿಯದವರು ಇಲ್ಲಿ ಯಾರು? 2022ರಲ್ಲಿ ಪೆನುಕೊಂಡೆಯೂ ಮಡಕಶಿರಾವೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದುವು, ರಾಯದುರ್ಗವು ಅನಂತಪುರದಲ್ಲಿಯೇ ಉಳಿಯಿತು. ಆದರೆ ಬಾಬಯ್ಯನ ಭಕ್ತರಿಗೆ ಜಿಲ್ಲೆಯ ಗಡಿಯ ಹಂಗಿಲ್ಲ. ಪಿಂಜಾರರು, ಅಂದರೆ ತೆಲುಗಿನ ದೂದೇಕುಲದವರು, ತಮ್ಮ ಪೂರ್ವಿಕರಿಗೆ ದೀಕ್ಷೆಯಿತ್ತವನು ಈ ಬಾಬಾ ಫಕ್ರುದ್ದೀನನೇ ಎಂದು ನಂಬುತ್ತಾರೆ. ಅವನ ಗುರು ತಿರುಚಿರಾಪಳ್ಳಿಯ ನತ್ಹರ್ ವಲಿ. ಈ ಗುರುವು ರೂಂ ದೇಶದ, ಅಂದರೆ ಇಂದಿನ ತುರ್ಕಿಯ ಕಡೆಯ ರಾಜಕುಮಾರನಾಗಿದ್ದು ಸಿಂಹಾಸನವನ್ನು ತೊರೆದು ಬಂದನೆಂದು ಐತಿಹ್ಯ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಬೇಕು, ಚರಿತ್ರೆಯೆಂದು ಹೇಳಬಾರದು. ಆದರೂ ದೂರದ ಒಂದು ದೇಶದ ಹೆಸರು ನಮ್ಮ ಜನರ ಭಕ್ತಿಯೊಳಗೆ ಸೇರಿಕೊಂಡ ಬಗೆಯನ್ನು ಮಕ್ಕಳು ಅರಿಯಲಿ.

ಬಿಜಾಪುರಕ್ಕೆ ಪ್ರವಾಸ ಕರೆದೊಯ್ಯುವ ಶಾಲೆಗಳವರು ‘ಮಲಿಕ್-ಇ-ಮೈದಾನ್’ ತೋಪಿನ ಮುಂದೆ ಒಂದು ಗಳಿಗೆ ನಿಲ್ಲಬೇಕು. 1549ರಲ್ಲಿ ಅಹಮದ್‌ನಗರದಲ್ಲಿ ಅದನ್ನು ಎರಕ ಹೊಯ್ದವನು ಮಹಮ್ಮದ್ ಬಿನ್ ಹಸನ್ ರೂಮಿ. ರೂಮಿ ಎಂದರೆ ರೂಂ ದೇಶದವನು. ಆದಿಲ್‌ಶಾಹಿ ವಂಶದ ಮೂಲಪುರುಷನಾದ ಯೂಸುಫ್ ಆದಿಲ್‌ಖಾನನು ತುರ್ಕಿಯ ಸುಲ್ತಾನನ ಮಗನೆಂದು ಫೆರಿಷ್ತಾ ಬರೆದಿದ್ದಾನೆ. ಇದನ್ನು ಇತಿಹಾಸಕಾರರು ಅನೇಕರು ಒಪ್ಪುವುದಿಲ್ಲ. ಟಿಪ್ಪುವಿನ ರಾಯಭಾರಿಗಳು 1786ರಲ್ಲಿ ಉತ್ತರ ಕನ್ನಡದ ತದಡಿಯಿಂದ ಹಡಗೇರಿ ಮರುವರ್ಷ ಇಸ್ತಾಂಬುಲನ್ನು ಮುಟ್ಟಿದುದು ನಿಜವಾದ ಸಂಗತಿ. ಹೋದವರಲ್ಲಿ ಹೆಚ್ಚಿನವರು ಹಿಂದಿರುಗಲಿಲ್ಲವೆಂಬುದೂ ನಿಜ. ಇನ್ನು ನಮ್ಮ ‘ಚಕಮಕಿ’ ಕಲ್ಲು, ತೆಲುಗಿನವರ ‘ತುಪಾಕಿ’ ಇವೆರಡೂ ತುರ್ಕಿ ನುಡಿಯ ಕಡೆಯಿಂದ ಬಂದ ಶಬ್ದಗಳು. ಭಾಷಾ ಉಪಾಧ್ಯಾಯರಿಗೆ ಇನ್ನೊಂದು ಸ್ವಾರಸ್ಯ: ಆ ನುಡಿಯಲ್ಲಿ ‘ಎವ್’ ಎಂದರೆ ಮನೆ, ‘ಎವ್ಲೆರ್’ ಎಂದರೆ ಮನೆಗಳು, ‘ಎವ್ಲೆರ್‌ದೆ’ ಎಂದರೆ ಮನೆಗಳಲ್ಲಿ. ನಮ್ಮಂತೆಯೇ ಪ್ರತ್ಯಯದ ಮೇಲೆ ಪ್ರತ್ಯಯ. ಇಷ್ಟರಿಂದ ನುಡಿಗಳು ದಾಯಾದಿಗಳೆಂದು ತೀರ್ಮಾನಿಸಬೇಡಿ.

ಪಾಠ ಹೇಳುವವರು ಕೈಬಿಡಬೇಕಾದ ವಾಕ್ಯವೊಂದಿದೆ: ‘1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲನ್ನು ಹಿಡಿದು ವ್ಯಾಪಾರದ ದಾರಿಯನ್ನು ಮುಚ್ಚಿದರು, ಆದುದರಿಂದ ವಾಸ್ಕೋಡಗಾಮನು ಬಂದನು.’ ಮೆಣಸು ಹೆಚ್ಚಾಗಿ ಸಾಗುತ್ತಿದ್ದುದು ಕೆಂಪು ಸಮುದ್ರ, ಈಜಿಪ್ಟು, ವೆನಿಸ್ಸುಗಳ ಮಾರ್ಗವಾಗಿ. ಈಜಿಪ್ಟು ತುರ್ಕರ ವಶವಾದುದು 1517ರಲ್ಲಿ. ಗಾಮನು ಕಲ್ಲಿಕೋಟೆಗೆ ಬಂದುದು 1498ರಲ್ಲಿ. ಸುಂಕದಿಂದ ಬೊಕ್ಕಸ ತುಂಬಿಕೊಳ್ಳುವ ಯಾವ ಅರಸನು ತಾನಾಗಿ ದಾರಿಯನ್ನು ಮುಚ್ಚಿಯಾನು? ಪೋರ್ಚುಗೀಸರು ಹೊರಟುದು ನಡುವಿನವರ ಲಾಭವನ್ನು ತಪ್ಪಿಸಿ ಮೆಣಸಿನ ಮೂಲಕ್ಕೇ ಕೈಹಾಕಲು.

ಈಗ ಖಿಲಾಫತ್ತಿಗೆ ಬರೋಣ. ಮೊದಲ ಮಹಾಯುದ್ಧದಲ್ಲಿ ಸೋತ ತುರ್ಕಿಯನ್ನು ಗೆದ್ದವರು ಹಂಚಿಕೊಳ್ಳತೊಡಗಿದಾಗ, 1919ರಿಂದ ನಮ್ಮ ದೇಶದಲ್ಲಿ ಖಲೀಫನ ಪರವಾಗಿ ಚಳವಳಿ ನಡೆಯಿತು. ಹಿಂದೂ ಮುಸಲ್ಮಾನರು ಒಂದಾಗಿ ಬ್ರಿಟಿಷರನ್ನು ಎದುರಿಸಲು ಇದೇ ಸಮಯವೆಂದು ಗಾಂಧೀಜಿಯವರು ಬಗೆದರು. ವಿಚಿತ್ರವೆಂದರೆ 1923ರಲ್ಲಿ ಗಣರಾಜ್ಯವಾದ ತುರ್ಕಿಯೇ 1924ರ ಮಾರ್ಚ್ 3ರಂದು ಖಲೀಫನ ಪದವಿಯನ್ನು ತೆಗೆದುಹಾಕಿತು. ಹಾಗೆ ಮಾಡಿದವರ ಮುಂದಾಳು ಮುಸ್ತಫಾ ಕೆಮಾಲ್. 1934ರಲ್ಲಿ ಅತಾತುರ್ಕ್, ಅಂದರೆ ತುರ್ಕರ ತಂದೆ, ಎಂಬ ಹೆಸರನ್ನು ಪಡೆದವನು.

ಉಪಾಧ್ಯಾಯರಾದ ನಾವು ಈ ಕೆಮಾಲನನ್ನು ನೆನೆಯಬೇಕಾದುದು ಅವನ ಯುದ್ಧಗಳಿಗಾಗಿ ಅಲ್ಲ. 1928ರ ನವೆಂಬರಿನಲ್ಲಿ ಅವನ ಸರ್ಕಾರವು ಅರಬ್ಬೀ ಲಿಪಿಯನ್ನು ಬಿಟ್ಟು ಲ್ಯಾಟಿನ್ ಅಕ್ಷರಗಳನ್ನು ತಂದಿತು. ಆಗ ದೇಶದಲ್ಲಿ ಓದುಬಲ್ಲವರು ನೂರಕ್ಕೆ ಸುಮಾರು ಹತ್ತು ಮಂದಿ. ರಾಷ್ಟ್ರಾಧ್ಯಕ್ಷನೇ ಊರೂರಿಗೆ ಹೋಗಿ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತನು. ಅದೇ ತಿಂಗಳ 24ರಂದು ಅವನಿಗೆ ‘ಬಾಷ್ ಎರೆತ್ಮೆನ್’ ಎಂಬ ಬಿರುದನ್ನಿತ್ತರು. ಅದರ ಅರ್ಥ ಮುಖ್ಯೋಪಾಧ್ಯಾಯ! 1981ರಿಂದ ಆ ದಿನವೇ ಅಲ್ಲಿನ ಶಿಕ್ಷಕರ ದಿನ. ನಮ್ಮಲ್ಲಿ ಈ ಪದವಿಯೊಡನೆ ಬರುವುದು ಬೀರುವಿನ ಬೀಗದಕೈ ಒಂದೇ.

1940ರಲ್ಲಿ ಅಲ್ಲಿ ಗ್ರಾಮ ಶಿಕ್ಷಣಾಲಯಗಳು ಆರಂಭವಾದುವು, ಒಟ್ಟು 21. ಹಳ್ಳಿಯ ರೈತರ ಮಕ್ಕಳನ್ನೇ ಆರಿಸಿ, ಅಕ್ಷರದೊಡನೆ ಬೇಸಾಯ, ಮರಗೆಲಸ, ಕಟ್ಟಡದ ಕೆಲಸ, ಸಂಗೀತ ಇವನ್ನೆಲ್ಲ ಕಲಿಸಿ, ಮರಳಿ ಹಳ್ಳಿಗೇ ಉಪಾಧ್ಯಾಯರನ್ನಾಗಿ ಕಳುಹಿಸುತ್ತಿದ್ದರು. ವಾರ್ಧಾದ ಮೂಲಶಿಕ್ಷಣವನ್ನು ಓದಿದವರಿಗೆ ಇದರ ಪರಿಚಯ ಸುಲಭ. 1954ರಲ್ಲಿ ಅವನ್ನು ಮುಚ್ಚಿದರು. ಹಳ್ಳಿಯವನು ಪ್ರಶ್ನೆ ಕೇಳಲು ಕಲಿತುದು ಜಮೀನ್ದಾರರಿಗೂ ರಾಜಕಾರಣಿಗಳಿಗೂ ಹಿಡಿಸಲಿಲ್ಲ. ನೆರೆಯೂರಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಓಡುವ ಉಪಾಧ್ಯಾಯರನ್ನು ಕಾಣುವಾಗಲೆಲ್ಲ ನನಗೆ ಆ 21 ಶಾಲೆಗಳು ನೆನಪಾಗುತ್ತವೆ.

ಲಿಪಿಯ ಬದಲಾವಣೆಗೆ ಇನ್ನೊಂದು ಮುಖವೂ ಇದೆ. ಓದು ಹರಡಿತು, ನಿಜ. ಆದರೆ ಒಂದು ತಲೆಮಾರು ಕಳೆಯುವಷ್ಟರಲ್ಲಿ ಮೊಮ್ಮಗನಿಗೆ ಅಜ್ಜನ ಕಾಗದವನ್ನೂ ಗೋರಿಯ ಮೇಲಿನ ಬರಹವನ್ನೂ ಓದಲು ಬಾರದಂತಾಯಿತು. 1953ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜನ ಕ್ರಯಪತ್ರ ಕನ್ನಡದಲ್ಲಿ, ಮೊಮ್ಮಗಳ ಓದು ತೆಲುಗಿನಲ್ಲಿ, ಎರಡನ್ನೂ ಬಲ್ಲ ತಾಯಿ ನಡುವೆ. ಇಂಥ ಮನೆಗಳು ನಮ್ಮಲ್ಲಿ ಹಲವು. ಅಲ್ಲಿಯಾದರೋ ತಮ್ಮ ಲಿಪಿಯನ್ನು ತಾವೇ ಬಿಟ್ಟರು.

ಮತದ ವಿಷಯ. ಅಲ್ಲಿನ ಜನರಲ್ಲಿ ಅತ್ಯಧಿಕ ಮಂದಿ ಮುಸಲ್ಮಾನರು, ಬಹುಪಾಲು ಸುನ್ನಿಗಳು. ಅಲೆವಿಗಳೆಂಬ ಬೇರೆ ಪಂಥದವರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ಕೂಟಗಳಲ್ಲಿ ಹೆಂಗಸರು ಗಂಡಸರು ಒಟ್ಟಿಗೆ ಕುಳಿತು ವಾದ್ಯದೊಡನೆ ಹಾಡುತ್ತಾರೆ. ಕೊನ್ಯಾ ನಗರದಲ್ಲಿ 1273ರಲ್ಲಿ ದೇಹಬಿಟ್ಟ ಜಲಾಲುದ್ದೀನ್ ರೂಮಿಯ ಅನುಯಾಯಿಗಳು ಸುತ್ತುತ್ತಾ ನರ್ತಿಸುವುದನ್ನೇ ಧ್ಯಾನವಾಗಿ ಉಳ್ಳವರು. ಗಣರಾಜ್ಯವು 1925ರಲ್ಲಿ ಈ ಮಠಗಳನ್ನು ಮುಚ್ಚಿಸಿತು. 1937ರಲ್ಲಿ ಮತನಿರಪೇಕ್ಷತೆಯು ಸಂವಿಧಾನಕ್ಕೆ ಸೇರಿತು. ಆದರೂ ಇಂದಿಗೂ ಇಮಾಮರಿಗೆ ಸಂಬಳ ಕೊಡುವುದು ಸರ್ಕಾರವೇ. ನಮ್ಮ ದೇಶದ ಪದ್ಧತಿಗೂ ಅದಕ್ಕೂ ಇರುವ ಅಂತರವನ್ನು ಮಕ್ಕಳೇ ಚರ್ಚಿಸಲಿ. ಹೆಂಗಸರು ಅಲ್ಲಿ 1934ರಲ್ಲಿಯೇ ಸಂಸತ್ತಿನ ಮತಾಧಿಕಾರ ಪಡೆದರೆಂಬುದನ್ನು ಹೆಣ್ಣುಮಕ್ಕಳ ಸಾಲಿಗೆ ಕೇಳಿಸುವಂತೆ ಹೇಳಿ.

ಇಸ್ತಾಂಬುಲಿನ ಹಾಗಿಯಾ ಸೋಫಿಯಾದ ಮಾತು ಬಂದೇ ಬರುತ್ತದೆ. ಈಗಿನ ಮಕ್ಕಳು ಕೈಫೋನಿನಲ್ಲಿ ಎಲ್ಲವನ್ನೂ ನೋಡಿರುತ್ತಾರೆ. 537ರಲ್ಲಿ ಇಗರ್ಜಿಯಾಗಿ ಮುಗಿಯಿತು, 1453ರಲ್ಲಿ ಮಸೀದಿಯಾಯಿತು, 1934ರ ತೀರ್ಮಾನದಂತೆ ವಸ್ತುಸಂಗ್ರಹಾಲಯವಾಯಿತು, 2020ರಲ್ಲಿ ಮತ್ತೆ ಮಸೀದಿಯಾಯಿತು. ಈ ನಾಲ್ಕು ವರ್ಷಗಳನ್ನು ಹಲಗೆಯ ಮೇಲೆ ಬರೆಯಿರಿ. ‘ಯಾವುದು ಸರಿ, ಸಾರ್?’ ಎಂದು ಕೇಳುತ್ತಾರೆ. ಪ್ರತಿಯೊಂದು ಸಲವೂ ಯಾರು, ಯಾವ ಕಾರಣದಿಂದ ಹಾಗೆ ಮಾಡಿದರೆಂಬುದನ್ನು ಹುಡುಕಿಕೊಂಡು ಬರಲು ಒಂದು ವಾರದ ವಾಯಿದೆ ಕೊಡಿರಿ. ಮುಂದಿನ ಪಾಠದ ದಿನ ಪಿಂಜಾರರ ಹುಡುಗನನ್ನೂ ಅವನ ಪಕ್ಕದವನನ್ನೂ ಒಂದೇ ಗುಂಪಿನಲ್ಲಿ ಕೂರಿಸಿ ಓದಿಸಿರಿ.